ರೀನೋದಿಂದ ಲಾಸ್ ವೇಗಸ್‌ಗೆ ಮರುಭೂಮಿಯ ದಾರಿ: ಎರಡು ಪಥದ ಹೆದ್ದಾರಿಯಲ್ಲಿ ಟ್ರಕ್ ಓಡಿಸುವವರಿಗೆ ಮಾರ್ಗದರ್ಶಿ

ಅಮೆರಿಕದ ನೆವಾಡಾ ರಾಜ್ಯದ ಎರಡು ದೊಡ್ಡ ನಗರ ಪ್ರದೇಶಗಳಾದ ರೀನೋ ಮತ್ತು ಲಾಸ್ ವೇಗಸ್‌ಗಳನ್ನು ನೇರವಾಗಿ ಬೆಸೆಯುವ ಇಂಟರ್‌ಸ್ಟೇಟ್ ಹೆದ್ದಾರಿ ಇಲ್ಲ. ಉತ್ತರದಲ್ಲಿ ಐ-80 ಪೂರ್ವ ಪಶ್ಚಿಮವಾಗಿ ಹಾದುಹೋಗುತ್ತದೆ, ಐ-15 ದಕ್ಷಿಣದ ಮೂಲೆಯನ್ನು ಮಾತ್ರ ದಾಟುತ್ತದೆ. ಇವೆರಡರ ನಡುವಿನ 400 ಮೈಲಿಗೂ ಮೀರಿದ, ಅಂದರೆ ಸುಮಾರು 650 ಕಿಲೋಮೀಟರಿನ ಸೀಮೆಯನ್ನು ಸರಕು ಹೊತ್ತ ಟ್ರಕ್ಕುಗಳು ಯು.ಎಸ್. 95 ಹಿಡಿದು ದಾಟುತ್ತವೆ. ಈ ದಾರಿಯ ಬಹುಭಾಗ ಹೋಗಲು ಒಂದು, ಬರಲು ಒಂದು ಎಂಬಂತೆ ಎರಡೇ ಪಥಗಳ ರಸ್ತೆ. ಐ-80ರಲ್ಲಿ ಕಲಿತು ಪಳಗಿದ ಚಾಲಕರು ಮೊದಲ ಸಲ ಇಲ್ಲಿಗೆ ಬಂದಾಗ, ಸಂಚಾರ ಕಡಿಮೆ ಇರುವುದರಿಂದ ಕೆಲಸ ಹಗುರವೆಂದು ಭಾವಿಸುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಹೊಸದಾಗಿ ಸಿ.ಡಿ.ಎಲ್., ಅಂದರೆ ಭಾರಿ ವಾಣಿಜ್ಯ ವಾಹನ ಓಡಿಸುವ ಪರವಾನಗಿ ಪಡೆದು ಈ ಕಡೆ ಲೋಡು ಹಿಡಿಯುವ ಕನ್ನಡಿಗರಿಗೆ, ಈ ರಸ್ತೆಯಲ್ಲಿ ಕೆಲವು ವರ್ಷ ಓಡಾಡಿದವನಾಗಿ ನನಗೆ ಗೊತ್ತಿರುವುದನ್ನು ಹೊರಡುವ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ. ಈ ದಾರಿಯಲ್ಲಿ ಡೀಸೆಲ್‌ಗೆ ಬರವಿಲ್ಲ. ನಿಲ್ಲುವ ಜಾಗಕ್ಕೆ ಮತ್ತು ನೆರವಿಗೆ ಬರವಿದೆ. ಕೆಳಗಿನ ಪ್ರತಿಯೊಂದು ಸಲಹೆಯೂ ಆ ಒಂದು ಸಂಗತಿಯಿಂದಲೇ ಹುಟ್ಟಿದ್ದು.

ಮೊದಲು, ಈ ದಾರಿ ಬೇಕೇ ಎಂದು ತೀರ್ಮಾನಿಸಿ

ವಾಹನ ದಟ್ಟಣೆಯಿಂದ ತಪ್ಪಿಸಿಕೊಳ್ಳುವುದಕ್ಕೆಂದೇ ಮರುಭೂಮಿಯ ರಸ್ತೆ ಹಿಡಿಯುವುದನ್ನು ನಾನು ಒಪ್ಪುವುದಿಲ್ಲ. ರೀನೋದಿಂದ ಸಾಲ್ಟ್ ಲೇಕ್ ಸಿಟಿಗೆ ಐ-80ರಲ್ಲಿ ಸುಮಾರು 520 ಮೈಲಿ. ಅದೇ ಊರಿಗೆ ಯು.ಎಸ್. 50 ಹಿಡಿದು ಆಸ್ಟಿನ್, ಯುರೇಕಾ, ಈಲಿ, ಡೆಲ್ಟಾ ಮೂಲಕ ಹೋದರೆ ಸುಮಾರು 600 ಮೈಲಿಯಾಗುತ್ತದೆ; ಜೊತೆಗೆ ಒಂದರ ಹಿಂದೊಂದು ಕಣಿವೆ, ಬೆಟ್ಟ ಎಂಬಂತೆ 7,000 ಅಡಿ ದಾಟುವ ಹಲವು ಘಾಟಿಗಳನ್ನು ಹತ್ತಿ ಇಳಿಯಬೇಕು. 1986ರ ಜುಲೈನಲ್ಲಿ ಲೈಫ್ ಪತ್ರಿಕೆ ಆ ರಸ್ತೆಯನ್ನು ಅಮೆರಿಕದ ಅತಿ ಒಂಟಿ ರಸ್ತೆ ಎಂದು ಕರೆದ ಮೇಲೆ ಪ್ರವಾಸಿಗರು ಅದನ್ನು ಹುಡುಕಿಕೊಂಡು ಬರುತ್ತಾರೆ, ಆದರೆ ನೇರ ಸಾಗಣೆಯ ಸರಕಿಗೆ ಅಲ್ಲಿ ಲಾಭವಿಲ್ಲ. ನಿಮ್ಮ ಲೋಡು ಆ ಊರುಗಳಿಗೇ ಹೋಗಬೇಕಾಗಿದ್ದರೆ, ಅಲ್ಲಿನ ಗಣಿಗಳಿಗೆ ಯಂತ್ರ, ಸುಣ್ಣ, ಇಂಧನ ಒಯ್ಯಬೇಕಾಗಿದ್ದರೆ, ಅಥವಾ ರೀನೋ–ವೇಗಸ್‌ನಂತೆ ಇಂಟರ್‌ಸ್ಟೇಟ್ ಸುತ್ತುದಾರಿಯಾಗುವುದಾದರೆ ಮಾತ್ರ ಈ ರಸ್ತೆಗಳನ್ನು ಆರಿಸಿಕೊಳ್ಳಿ.

ದಾರಿ ಆರಿಸುವಾಗ ಕಾರಿನ ಜಿ.ಪಿ.ಎಸ್. ಅನ್ನು ನಂಬಬೇಡಿ. ಅದು ಹತ್ತು ನಿಮಿಷ ಉಳಿಸಲು ಜಲ್ಲಿಯ ರಸ್ತೆಗೂ ತಿರುಗಿಸುತ್ತದೆ, ಮತ್ತು 53 ಅಡಿಯ ಟ್ರೇಲರನ್ನು ಅಲ್ಲಿಂದ ಹಿಂದಕ್ಕೆ ತಿರುಗಿಸುವ ಜಾಗ ಮುಂದಿನ 20 ಮೈಲಿಯಲ್ಲಿಯೂ ಸಿಗದೆ ಇರಬಹುದು. ಇಂಟರ್‌ಸ್ಟೇಟ್ ಬಿಟ್ಟು ಇಳಿದೊಡನೆ ಉದ್ದದ ನಿಯಮಗಳೂ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ. ಉದಾಹರಣೆಗೆ, ಕ್ಯಾಲಿಫೋರ್ನಿಯಾದ ಅನೇಕ ರಸ್ತೆಗಳಲ್ಲಿ ಟ್ರೇಲರನ್ನು ಟ್ರಕ್ಕಿಗೆ ಕೂಡಿಸುವ ಕಿಂಗ್‌ಪಿನ್‌ನಿಂದ ಹಿಂದಿನ ಆಕ್ಸೆಲ್‌ವರೆಗಿನ ಅಂತರ 40 ಅಡಿ ಮೀರಬಾರದು. ಅದೇ ರಾಜ್ಯದಲ್ಲಿ ಟ್ರಕ್ಕಿನ ವೇಗಮಿತಿ ಗಂಟೆಗೆ 55 ಮೈಲಿ. ಗಡಿ ದಾಟುವ ಲೋಡಾಗಿದ್ದರೆ ಟ್ರಕ್ಕುಗಳಿಗೆಂದೇ ಮುದ್ರಿಸಿದ ಅಟ್ಲಾಸ್ ಒಂದನ್ನು ಕ್ಯಾಬಿನ್ನಿನಲ್ಲಿ ಇಟ್ಟುಕೊಳ್ಳಿ. ಸಿಗ್ನಲ್ ಇಲ್ಲದ ಕಡೆ ಕಾಗದವೇ ದಾರಿ ತೋರಿಸುವುದು.

ಗಂಟೆಗಳ ಲೆಕ್ಕವನ್ನು ಊರಿನಿಂದ ಊರಿಗೆ ಹಾಕಿ

ರೀನೋದ ಪೂರ್ವಕ್ಕಿರುವ ಫರ್ನ್ಲಿಯಲ್ಲಿ ಐ-80 ಬಿಟ್ಟು ಹೊರಟರೆ ಫ್ಯಾಲನ್ ಸುಮಾರು 27 ಮೈಲಿ, ಅಲ್ಲಿಂದ ಹಾಥಾರ್ನ್ ಸುಮಾರು 70, ಹಾಥಾರ್ನ್‌ನಿಂದ ಟೋನೋಪಾ ಸುಮಾರು 100, ಟೋನೋಪಾದಿಂದ ಬೇಟಿ 90ಕ್ಕೂ ಸ್ವಲ್ಪ ಹೆಚ್ಚು, ಬೇಟಿಯಿಂದ ಲಾಸ್ ವೇಗಸ್ ಸುಮಾರು 115 ಮೈಲಿ. ಸರಾಸರಿ 55 ಮೈಲಿ ವೇಗ ಹಿಡಿದರೆ ಒಟ್ಟು ಏಳೂವರೆ ಗಂಟೆಯ ಓಟ. ಒಕ್ಕೂಟ ಸರ್ಕಾರದ ನಿಯಮದಂತೆ, ಸತತ 10 ಗಂಟೆ ವಿಶ್ರಾಂತಿ ಪಡೆದ ಚಾಲಕರು 14 ಗಂಟೆಯ ಅವಧಿಯೊಳಗೆ 11 ಗಂಟೆ ಓಡಿಸಬಹುದು, ಮತ್ತು ಒಟ್ಟು 8 ಗಂಟೆ ಓಡಿಸಿದ ಮೇಲೆ 30 ನಿಮಿಷದ ಬಿಡುವು ಕಡ್ಡಾಯ. ಕಾಗದದಲ್ಲಿ ನೋಡಿದರೆ ಈ ಪ್ರಯಾಣ ಆರಾಮವಾಗಿ ಮುಗಿಯುತ್ತದೆ. ಆದರೆ 14 ಗಂಟೆಯ ಗಡಿಯಾರ ನೀವು ಕೆಲಸಕ್ಕೆ ಹಾಜರಾದ ಕ್ಷಣದಿಂದಲೇ ಓಡಲು ಶುರುವಾಗಿರುತ್ತದೆ. ಗೋದಾಮಿನ ಬಾಗಿಲಲ್ಲಿ ಲೋಡಿಗಾಗಿ ನಾಲ್ಕು ಗಂಟೆ ಕಾದು, ದಾರಿಯಲ್ಲಿ ರಸ್ತೆ ಕೆಲಸಕ್ಕಾಗಿ ಒಂದು ಗಂಟೆ ನಿಂತರೆ ಉಳಿಯುವುದು ಒಂಬತ್ತೇ ಗಂಟೆ. ಏಳೂವರೆ ಗಂಟೆಯ ಓಟಕ್ಕೆ ಊಟ, ಡೀಸೆಲ್, ಟೈರು ನೋಡುವ ನಿಲುಗಡೆಗಳನ್ನು ಸೇರಿಸಿದರೆ ಬೇಟಿ ದಾಟಿದ ಮೇಲೆ ಸಮಯ ಮುಗಿಯುವ ಸಂಭವ ಎದುರಾಗುತ್ತದೆ. ಐ-80ರಲ್ಲಿ ಆಗಿದ್ದರೆ ಮುಂದಿನ ಟ್ರಕ್ ಸ್ಟಾಪಿಗೆ ತಿರುಗಬಹುದಿತ್ತು. ಇಲ್ಲಿ ಊರುಗಳ ನಡುವೆ ಹಾಗೆ ತಿರುಗುವ ಜಾಗವಿಲ್ಲ.

ಆದ್ದರಿಂದ ಪ್ರತಿ ಊರಿನಲ್ಲಿಯೂ ಒಂದು ನಿರ್ಧಾರ ಮಾಡಿ. ಮುಂದಿನ ಊರಿಗೆ ಬೇಕಾದ ಸಮಯಕ್ಕೆ ಇನ್ನೂ ಒಂದು ಗಂಟೆ ಸೇರಿಸಿ ನೋಡಿದಾಗ ಗಡಿಯಾರದಲ್ಲಿ ಅಷ್ಟು ಉಳಿದಿದ್ದರೆ ಮಾತ್ರ ಹೊರಡಿ, ಇಲ್ಲವಾದರೆ ಅಲ್ಲಿಯೇ ನಿಲ್ಲಿ. ಮೊದಲೇ ತಿಳಿಯಲು ಸಾಧ್ಯವಿಲ್ಲದ ಹವಾಮಾನ ಅಥವಾ ರಸ್ತೆಯ ತೊಂದರೆ ಎದುರಾದರೆ ಎರಡು ಗಂಟೆಯವರೆಗೆ ಹೆಚ್ಚು ಓಡಿಸಲು ನಿಯಮವೇ ಅವಕಾಶ ಕೊಡುತ್ತದೆ, ಆದರೆ ಬೆಳಿಗ್ಗೆಯೇ ಮುನ್ಸೂಚನೆಯಲ್ಲಿದ್ದ ಗಾಳಿಗೆ ಅದು ಅನ್ವಯಿಸುವುದಿಲ್ಲ. ಸಣ್ಣ ಊರುಗಳಲ್ಲಿ ಟ್ರಕ್ ನಿಲ್ಲಿಸುವ ಜಾಗಗಳು ಕಡಿಮೆ. ಕತ್ತಲಾಗುವ ಮೊದಲೇ ಸೇರಿಕೊಳ್ಳುವಂತೆ ಯೋಜಿಸುವುದು ಒಳ್ಳೆಯದು. ಪೂರ್ವಕ್ಕೆ ಯೂಟಾ ಕಡೆ ಹೋಗುವವರು ಅಲ್ಲಿನ ಗಡಿಯಾರ ಒಂದು ಗಂಟೆ ಮುಂದಿರುತ್ತದೆ ಎಂಬುದನ್ನು ಇಳಿಸುವ ಸಮಯ ಒಪ್ಪಿಕೊಳ್ಳುವಾಗಲೇ ನೆನಪಿಟ್ಟುಕೊಳ್ಳಬೇಕು.

ಹೊರಡುವ ಮುನ್ನ ವಾಹನ ಮತ್ತು ಸಾಮಾನು

ಎರಡು ಟ್ಯಾಂಕು ಸೇರಿ 200 ಗ್ಯಾಲನ್ ಡೀಸೆಲ್ ಹಿಡಿಯುವ ಟ್ರಕ್ಕು ಗ್ಯಾಲನ್ನಿಗೆ ಆರು ಮೈಲಿ ಕೊಟ್ಟರೂ 1,000 ಮೈಲಿ ದಾಟುತ್ತದೆ. ಹಾಗಾಗಿ ಕಾರಿನವರಂತೆ ಮುಂದಿನ ಬಂಕ್ ಎಷ್ಟು ದೂರ ಎಂದು ಚಿಂತಿಸುವ ಅಗತ್ಯವಿಲ್ಲ. ಶೀತಲ ಟ್ರೇಲರಿನ ಪ್ರತ್ಯೇಕ ಟ್ಯಾಂಕನ್ನೂ ಎಂಜಿನ್ನಿನ ಹೊಗೆಯನ್ನು ಶುದ್ಧಗೊಳಿಸುವ ಡಿ.ಇ.ಎಫ್. ದ್ರವವನ್ನೂ ಮಾತ್ರ ಮರೆಯದೆ ತುಂಬಿಸಿಕೊಳ್ಳಿ. ಹೆಚ್ಚು ಗಮನ ಕೊಡಬೇಕಾದದ್ದು ಟೈರುಗಳಿಗೆ. ಗಾಳಿಯ ಒತ್ತಡವನ್ನು ಬೆಳಗಿನ ತಂಪಿನಲ್ಲಿ, ಚಕ್ರ ಉರುಳುವ ಮೊದಲೇ ಅಳತೆಯಂತ್ರ ಹಿಡಿದು ನೋಡಬೇಕು. ಕಾಲಲ್ಲಿ ಒದ್ದು ನೋಡುವುದರಿಂದ ಜೋಡಿ ಚಕ್ರದ ಒಳಗಿನ ಟೈರಿನ ಸ್ಥಿತಿ ತಿಳಿಯುವುದಿಲ್ಲ. ಮುಂದಿನ ಸ್ಟಿಯರಿಂಗ್ ಚಕ್ರಗಳಲ್ಲಿ ಕನಿಷ್ಠ 4/32 ಅಂಗುಲ, ಉಳಿದವುಗಳಲ್ಲಿ 2/32 ಅಂಗುಲ ಆಳದ ಗೆರೆಗಳಿರಬೇಕೆಂಬುದು ಕಾನೂನು. ಬೇಸಿಗೆಯ ಮರುಭೂಮಿಗೆ ಆ ಕನಿಷ್ಠ ಸಾಲದು ಎಂಬುದು ನನ್ನ ಅಭಿಪ್ರಾಯ.

ತೀವ್ರ ಬಿಸಿಲಿನಲ್ಲಿ ಎರಡು ಗಂಟೆಗೊಮ್ಮೆ ಅಥವಾ 100 ಮೈಲಿಗೊಮ್ಮೆ ಟೈರುಗಳನ್ನು ನೋಡಬೇಕೆಂದು ಪರವಾನಗಿಯ ಕೈಪಿಡಿ ಹೇಳುತ್ತದೆ, ಮತ್ತು ಈ ದಾರಿಯ ಊರುಗಳ ಅಂತರ ಆ ಲೆಕ್ಕಕ್ಕೆ ಹೊಂದಿಕೊಳ್ಳುತ್ತದೆ. ಹಾಥಾರ್ನ್‌ನಲ್ಲಿ, ಟೋನೋಪಾದಲ್ಲಿ, ಬೇಟಿಯಲ್ಲಿ ಇಳಿದು ಒಂದು ಸುತ್ತು ಬನ್ನಿ. ಅಂಗೈಯ ಹಿಂಬದಿಯನ್ನು ಪ್ರತಿ ಟೈರಿನ ಬದಿಗೂ ಹಬ್ಬಿಗೂ ಹತ್ತಿರ ಹಿಡಿಯುತ್ತಾ ಹೋದರೆ, ಎಲ್ಲವೂ ಒಂದೇ ಸಮನೆ ಬೆಚ್ಚಗಿರುವಲ್ಲಿ ಯಾವುದೋ ಒಂದು ಮಾತ್ರ ಕೈಯನ್ನು ಹಿಂದೆಳೆಯುವಷ್ಟು ಸುಡುತ್ತದೆ. ಆ ಚಕ್ರದಲ್ಲಿ ಗಾಳಿ ಕಡಿಮೆಯಾಗಿದೆ, ಇಲ್ಲವೇ ಬ್ರೇಕು ಹಿಡಿದುಕೊಂಡಿದೆ, ಇಲ್ಲವೇ ಬೇರಿಂಗ್ ಹೋಗುತ್ತಿದೆ. ಮೂರರಲ್ಲಿ ಯಾವುದಾದರೂ ಆ ಊರಿನಲ್ಲಿಯೇ ತಿಳಿದರೆ ಅರ್ಧ ದಿನ ಹೋಗುತ್ತದೆ. 40 ಮೈಲಿ ಆಚೆ ತಿಳಿದರೆ ಚಕ್ರಕ್ಕೆ ಬೆಂಕಿಯೂ ಹತ್ತಬಹುದು. ಬಿಸಿಯಾಗಿ ಒತ್ತಡ ಏರಿದ ಟೈರಿನಿಂದ ಗಾಳಿ ಬಿಡಬೇಡಿ, ತಣ್ಣಗಾದ ಮೇಲೆ ಅದು ಬೇಕಾದಷ್ಟಕ್ಕಿಂತ ಕೆಳಗಿಳಿದು ಮರುದಿನ ಇನ್ನಷ್ಟು ಕಾಯುತ್ತದೆ. ಮುಟ್ಟಲಾರದಷ್ಟು ಬಿಸಿಯಿದ್ದರೆ ಆರುವ ತನಕ ನಿಲ್ಲಬೇಕು.

ಕ್ಯಾಬಿನ್ನಿನಲ್ಲಿ ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ನಾಲ್ಕು ಲೀಟರಿನಷ್ಟು ನೀರಿನ ಲೆಕ್ಕದಲ್ಲಿ ಮೂರು ದಿನಕ್ಕೆ ಸಾಕಾಗುವಷ್ಟನ್ನು ಇಡಿ. ಅವಲಕ್ಕಿ, ಚಟ್ನಿಪುಡಿ, ಶೇಂಗಾ ಮುಂತಾಗಿ ಬಿಸಿಲಿಗೆ ಕೆಡದ ತಿನಿಸು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಕಂಬಳಿಯೂ ಇರಲಿ, ಏಕೆಂದರೆ ಟೋನೋಪಾ ಸುಮಾರು 6,000 ಅಡಿ ಎತ್ತರದಲ್ಲಿದೆ. ಇದು ಎತ್ತರದ ಮರುಭೂಮಿ, ಚಳಿಗಾಲದಲ್ಲಿ ಹಿಮ ಬೀಳುತ್ತದೆ, ಆ ತಿಂಗಳುಗಳಲ್ಲಿ ಚಕ್ರಕ್ಕೆ ಕಟ್ಟುವ ಸರಪಳಿಯೂ ಬೇಕು. ಹೊರಡುವ ದಿನ ರಸ್ತೆ ಮಾಹಿತಿಯ ಸಂಖ್ಯೆಯಾದ 511ಕ್ಕೆ ಕರೆ ಮಾಡಿ ರಸ್ತೆಯ ಸ್ಥಿತಿ ಕೇಳಿ. ಮೊಬೈಲ್ ಸಿಗ್ನಲ್ ಊರು ಬಿಟ್ಟ ಸ್ವಲ್ಪ ಹೊತ್ತಿನಲ್ಲಿಯೇ ಕೈಕೊಡುವುದರಿಂದ ಸಿ.ಬಿ. ರೇಡಿಯೋ ಇರಲಿ, ಟ್ರಕ್ಕಿನವರು ಮಾತಾಡುವುದು 19ನೇ ಚಾನೆಲ್‌ನಲ್ಲಿ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಣ್ಣ ಸಾಧನಕ್ಕೆ ಹಾಕುವ ಹಣ ವ್ಯರ್ಥವಾಗುವುದಿಲ್ಲ.

ಓಡಿಸುವಾಗ

ಎರಡು ಪಥದ ರಸ್ತೆಯಲ್ಲಿ ನೀವು ಯಾರನ್ನೂ ಹಿಂದಿಕ್ಕದೆ ಇರುವುದು ಮೇಲು. ಸುಮಾರು 36 ಟನ್ ತೂಕದ, 70 ಅಡಿ ಉದ್ದದ ವಾಹನ ಎದುರು ಪಥಕ್ಕೆ ಹೋಗಿ ಮರಳಲು ಬೇಕಾದ ದೂರವನ್ನು, ಬಿಸಿಲುಗುದುರೆ ಕುಣಿಯುವ ಆ ನೇರ ರಸ್ತೆಯಲ್ಲಿ ಕಣ್ಣಳತೆಯಿಂದ ನಿರ್ಣಯಿಸಲಾಗುವುದಿಲ್ಲ. ನಿಮ್ಮನ್ನು ಹಿಂದಿಕ್ಕುವವರಿಗೆ ಅನುಕೂಲ ಮಾಡಿಕೊಡಬೇಕೆಂದರೆ ಒಂದೇ ವೇಗ ಕಾಯ್ದುಕೊಂಡು ಪಥದೊಳಗೆ ನೇರವಾಗಿ ಸಾಗಿ. ನಮ್ಮ ಕಡೆ ಲಾರಿಯವರು ಇಂಡಿಕೇಟರ್ ಮಿನುಗಿಸಿ ಅಥವಾ ಕೈ ಬೀಸಿ ಮುಂದೆ ಹೋಗಿ ಎಂದು ಸನ್ನೆ ಮಾಡುವ ರೂಢಿಯನ್ನು ಇಲ್ಲಿಗೆ ತರಬೇಡಿ. ಇಲ್ಲಿ ಇಂಡಿಕೇಟರ್ ಎಂದರೆ ನೀವು ತಿರುಗುತ್ತೀರಿ ಎಂದೇ ಅರ್ಥ.

ಕತ್ತಲಾದ ಮೇಲಿನ ಅಪಾಯ ಜಾನುವಾರುಗಳದ್ದು. ನೆವಾಡಾದ ಬಹುಪಾಲು ಬಯಲು ಬೇಲಿಯಿಲ್ಲದ ಮೇವುಮಾಳ. ಅಲ್ಲಿ ಮೇಯುವ ದನಗಳನ್ನು ರಸ್ತೆಗೆ ಬಾರದಂತೆ ತಡೆಯುವ ಹೊಣೆಯನ್ನು ಕಾನೂನು ಮಾಲೀಕರ ಮೇಲೆ ಹೊರಿಸಿಲ್ಲ. ಬೇಟಿಯ ಸುತ್ತಮುತ್ತ ಕಾಡುಕತ್ತೆಗಳೂ ರಸ್ತೆಗೆ ಬರುತ್ತವೆ. ಲೆಕ್ಕ ಹೀಗಿದೆ: ಒಣ ರಸ್ತೆಯಲ್ಲಿ ಗಂಟೆಗೆ 55 ಮೈಲಿ ವೇಗದ ಟ್ರಕ್ಕು, ಚಾಲಕರು ಅಪಾಯವನ್ನು ಕಂಡ ಕ್ಷಣದಿಂದ ಪೂರ್ತಿ ನಿಲ್ಲುವಷ್ಟರಲ್ಲಿ ಸುಮಾರು 419 ಅಡಿ ಸಾಗಿರುತ್ತದೆ. ತಗ್ಗಿಸಿದ ದೀಪ ತೋರಿಸುವುದು ಸುಮಾರು 250 ಅಡಿ, ಎತ್ತರಿಸಿದ ದೀಪ 350ರಿಂದ 500 ಅಡಿ. ಎಂದರೆ ಎದುರಿನ ವಾಹನಕ್ಕಾಗಿ ದೀಪ ತಗ್ಗಿಸಿದ ಪ್ರತಿ ಸಲವೂ ನೀವು ಕಾಣದ ನೆಲದ ಮೇಲೆ ಓಡಿಸುತ್ತಿರುತ್ತೀರಿ. ಕರಿ ದನ ಕರಿ ಡಾಂಬರಿನ ಮೇಲೆ ನಿಂತು ತಲೆಯನ್ನು ಆಚೆ ತಿರುಗಿಸಿದ್ದರೆ ಕಣ್ಣಿನ ಹೊಳಪೂ ಕಾಣುವುದಿಲ್ಲ. ಎದುರಿನಿಂದ ಬರುವ ವಾಹನದ ದೀಪಗಳು ಒಂದು ಕ್ಷಣ ಕೆಳಗಿನಿಂದ ಮರೆಯಾಗಿ ಮತ್ತೆ ಕಾಣಿಸಿಕೊಂಡರೆ ನಡುವೆ ನಾಲ್ಕು ಕಾಲುಗಳು ದಾಟಿವೆ ಎಂದು ತಿಳಿದು ಕೂಡಲೇ ವೇಗ ಇಳಿಸಿ. ಅಡ್ಡ ಬಂದೇಬಿಟ್ಟರೆ ಪಥದಲ್ಲಿಯೇ ನೇರವಾಗಿದ್ದು ಬಲವಾಗಿ ಬ್ರೇಕ್ ಒತ್ತಬೇಕು. ಸ್ಟಿಯರಿಂಗ್ ಎಳೆದರೆ ಟ್ರೇಲರ್ ಮಗುಚುತ್ತದೆ. ಈ ದಾರಿಯನ್ನು ಮೊದಲ ಹತ್ತು ಸಲವಾದರೂ ಹಗಲಿನಲ್ಲಿಯೇ ಓಡಿಸಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

ಗಾಳಿಯ ವಿಷಯ ಚಿಕ್ಕದು. ಖಾಲಿ ಟ್ರೇಲರ್ ಇರುವಾಗ ಬಿರುಗಾಳಿಯ ಎಚ್ಚರಿಕೆಯಿದ್ದರೆ ಹೊರಡಬೇಡಿ, ತುಂಬಿದ ಲೋಡಿಗಿಂತ ಖಾಲಿ ಪೆಟ್ಟಿಗೆಯೇ ಬೇಗ ಉರುಳುವುದು. ಧೂಳಿನ ಗೋಡೆ ಎದ್ದು ಬರುವುದು ಕಂಡರೆ ಅದರೊಳಗೆ ನುಗ್ಗದೆ ರಸ್ತೆಯಿಂದ ಆದಷ್ಟು ದೂರ, ಗಟ್ಟಿ ನೆಲಕ್ಕೆ ಇಳಿದು ನಿಲ್ಲಿಸಿ ಪಾರ್ಕಿಂಗ್ ಬ್ರೇಕ್ ಹಾಕಿ. ಎಲ್ಲ ದೀಪಗಳನ್ನೂ ಆರಿಸಿ, ಬ್ರೇಕ್ ಪೆಡಲಿನಿಂದ ಕಾಲನ್ನೂ ತೆಗೆಯಿರಿ. ಅರಿಜೋನಾದ ಸಾರಿಗೆ ಇಲಾಖೆ ಇದನ್ನೇ ಬೋಧಿಸುತ್ತದೆ. ದೀಪ ಆರಿಸುವುದು ವಿಚಿತ್ರವೆನಿಸಬಹುದು, ಆದರೆ ಧೂಳಿನಲ್ಲಿ ಕುರುಡಾದ ಹಿಂದಿನ ಚಾಲಕರು ನಿಮ್ಮ ಕೆಂಪು ದೀಪವನ್ನೇ ರಸ್ತೆಯೆಂದು ನಂಬಿ ಹಿಂಬಾಲಿಸಿ ಬಂದು ಗುದ್ದುತ್ತಾರೆ. ಬೇಸಿಗೆಯ ಗುಡುಗುಮಳೆಯಲ್ಲಿ ತಗ್ಗಿನ ರಸ್ತೆಯ ಮೇಲೆ ಹಳ್ಳ ಹರಿಯುತ್ತಿದ್ದರೆ ನೀರು ಇಳಿಯುವ ತನಕ ಕಾಯಿರಿ, ಕೆಳಗಿನ ಡಾಂಬರು ಇದೆಯೋ ಕೊಚ್ಚಿಹೋಗಿದೆಯೋ ಮೇಲಿನಿಂದ ಕಾಣುವುದಿಲ್ಲ.

ಇಳಿಜಾರುಗಳಲ್ಲಿ, ಮುಖ್ಯವಾಗಿ ಯು.ಎಸ್. 50ರಲ್ಲಿ 7,484 ಅಡಿ ಎತ್ತರದ ಆಸ್ಟಿನ್ ಘಾಟಿಯಿಂದ ಪಶ್ಚಿಮಕ್ಕೆ, ತಿರುವುಗಳಲ್ಲಿ ಸುತ್ತುತ್ತಾ ಊರಿನೊಳಕ್ಕೇ ಇಳಿಯುವ ದಾರಿಯಲ್ಲಿ, ತುದಿಯಲ್ಲಿರುವಾಗಲೇ ಗೇರು ಇಳಿಸಿ ಎಂಜಿನ್ ಬ್ರೇಕ್ ಹಾಕಿಕೊಳ್ಳಬೇಕು. ನಿಮ್ಮ ಸುರಕ್ಷಿತ ವೇಗ 30 ಮೈಲಿಯೆಂದಾದರೆ, ಅದನ್ನು ಮುಟ್ಟಿದಾಗ ಬ್ರೇಕನ್ನು ಗಟ್ಟಿಯಾಗಿ ಒತ್ತಿ 25ಕ್ಕೆ ಇಳಿಸಿ ಪೂರ್ತಿ ಬಿಡಿ. ಮತ್ತೆ 30 ಮುಟ್ಟಿದಾಗ ಹಾಗೆಯೇ ಮಾಡಿ. ಉದ್ದಕ್ಕೂ ಹಗುರವಾಗಿ ಒತ್ತಿಕೊಂಡೇ ಇಳಿದರೆ ಬ್ರೇಕು ಕಾದು ಹಿಡಿತ ಕಳೆದುಕೊಳ್ಳುತ್ತದೆ.

ಕೆಟ್ಟು ನಿಂತರೆ

ಮೊದಲು ಎಲ್ಲಿ ನಿಲ್ಲಬಾರದು ಎಂಬುದು ತಿಳಿದಿರಬೇಕು. ರಸ್ತೆಯ ಅಂಚಿನ ಮರಳು ಲೋಡಾದ ಚಕ್ರವನ್ನು ನುಂಗುತ್ತದೆ. ಬೆಳ್ಳಗೆ ಒಣಗಿ ಬಿರುಕುಬಿಟ್ಟ ಉಪ್ಪುನೆಲ ಗಟ್ಟಿಯಾಗಿ ಕಂಡರೂ ಪದರದ ಕೆಳಗೆ ಕೆಸರಿರುತ್ತದೆ. ಒಣಹುಲ್ಲಿನ ಮೇಲೆ ನಿಲ್ಲಿಸುವುದು ಇವೆರಡಕ್ಕಿಂತ ಅಪಾಯಕರ. ಹೊಗೆ ಸೋಸುವ ಫಿಲ್ಟರ್ ತನ್ನೊಳಗಿನ ಮಸಿಯನ್ನು ಸುಟ್ಟುಕೊಳ್ಳುವಾಗ ಅದರ ಶಾಖ 500 ಡಿಗ್ರಿ ಸೆಲ್ಸಿಯಸ್ ಮೀರಬಹುದು, ಮತ್ತು ಈ ಸೀಮೆಯ ಹುಲ್ಲಿಗೆ ಅಷ್ಟು ಬೇಕಾಗಿಲ್ಲ.

ನಿಂತ 10 ನಿಮಿಷದೊಳಗೆ ಮೂರು ಪ್ರತಿಫಲನ ತ್ರಿಕೋನಗಳನ್ನು ಇಡಬೇಕು. ಊರ ಕಡೆ ಕೆಟ್ಟ ಲಾರಿಯ ಹಿಂದೆ ಕಲ್ಲು ಮತ್ತು ಸೊಪ್ಪಿನ ಕೊಂಬೆ ಇಡುವುದನ್ನು ನೋಡಿ ಬೆಳೆದವರಿಗೆ ಎಚ್ಚರಿಕೆ ಹಿಂದುಗಡೆಗೆ ಎಂಬ ಅಭ್ಯಾಸವಿರುತ್ತದೆ, ಇಂಟರ್‌ಸ್ಟೇಟ್‌ನಲ್ಲಿಯೂ ಮೂರೂ ಹಿಂದೆಯೇ, 10, 100 ಮತ್ತು 200 ಅಡಿಗೆ. ಎರಡು ಪಥದ ರಸ್ತೆಯಲ್ಲಿ ಕ್ರಮ ಬೇರೆ: ಒಂದು ವಾಹನದ ಪಕ್ಕ 10 ಅಡಿಯೊಳಗೆ, ಒಂದು 100 ಅಡಿ ಹಿಂದೆ, ಮತ್ತೊಂದು 100 ಅಡಿ ಮುಂದೆ. ಎದುರಿನಿಂದ ಬರುವವರಿಗೂ ತಿಳಿಯಬೇಕಲ್ಲವೇ? ತಿರುವು ಅಥವಾ ದಿಬ್ಬ ಮರೆಮಾಡುತ್ತಿದ್ದರೆ ತ್ರಿಕೋನವನ್ನು 500 ಅಡಿಯವರೆಗೂ ಆಚೆ ಒಯ್ಯಿರಿ. ಇಡಲು ಹೋಗುವಾಗ ತ್ರಿಕೋನವನ್ನು ನಿಮ್ಮ ಮುಂದೆ, ಬರುವ ವಾಹನದ ಕಡೆಗೆ ಹಿಡಿದು ನಡೆಯಿರಿ.

ಆಮೇಲೆ ನೀವು ಎಲ್ಲಿದ್ದೀರಿ ಎಂದು ಹೇಳಬೇಕು. ಇಲ್ಲಿ ನನ್ನ ತಪ್ಪನ್ನೇ ಹೇಳುತ್ತೇನೆ. ಒಂದು ಜುಲೈ ಮಧ್ಯಾಹ್ನ, ಯು.ಎಸ್. 6 ಬಂದು ಸೇರುವ ಕೋಲ್‌ಡೇಲ್ ಎಂಬ ಪಾಳುಬಿದ್ದ ಕೂಡುರಸ್ತೆ ಕಳೆದ ಮೇಲೆ ಟ್ರೇಲರಿನ ಒಳಗಿನ ಟೈರು ಕಿತ್ತುಬಂತು. ದಾರಿಹೋಕರೊಬ್ಬರ ಕೈಯಲ್ಲಿ ಹೆದ್ದಾರಿಯ ಹೆಸರನ್ನೂ ಮೈಲಿಕಲ್ಲಿನ ಸಂಖ್ಯೆಯನ್ನೂ ಬರೆದುಕೊಟ್ಟು ಟೋನೋಪಾದಿಂದ ಕರೆ ಮಾಡಿಸಿದೆ. ನೆರವಿನ ವ್ಯಾನು ಐದು ಗಂಟೆ ತಡವಾಗಿ ಬಂತು, ಏಕೆಂದರೆ ಅದು ಮೊದಲು ಅದೇ ಸಂಖ್ಯೆಯ ಇನ್ನೊಂದು ಕಲ್ಲಿನ ಬಳಿ ಹೋಗಿ ಹುಡುಕಿತ್ತು. ನೆವಾಡಾದಲ್ಲಿ ಇಂಥ ಹೆದ್ದಾರಿಗಳ ಮೈಲಿ ಎಣಿಕೆ ಪ್ರತಿ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ವಿಭಾಗದ, ಗಡಿಯಲ್ಲಿ ಹೊಸದಾಗಿ ಶುರುವಾಗುತ್ತದೆ. ಫಲಕವನ್ನು ಹತ್ತಿರದಿಂದ ನೋಡಿದರೆ ರಸ್ತೆಯ ಸಂಖ್ಯೆಯ ಕೆಳಗೆ ಎರಡು ಅಕ್ಷರಗಳಿರುತ್ತವೆ. ಅವು ಮಿನರಲ್, ಎಸ್ಮೆರಾಲ್ಡಾ, ನೈ ಮುಂತಾದ ಕೌಂಟಿಗಳ ಗುರುತು. ಆ ಅಕ್ಷರಗಳಿಲ್ಲದ ಸಂಖ್ಯೆಗೆ ಅರ್ಥವಿಲ್ಲ. ಅಂದಿನಿಂದ ನಾನು ಕೌಂಟಿ ದಾಟಿದಾಗಲೆಲ್ಲ ಅದರ ಹೆಸರನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತೇನೆ. ತುರ್ತು ಸಂಖ್ಯೆಯಾದ 911ಕ್ಕೆ ನೀವು ಹೇಳಬೇಕಾದದ್ದು ಹೆದ್ದಾರಿ, ಕೌಂಟಿ, ಮೈಲಿ ಸಂಖ್ಯೆ, ಹೋಗುತ್ತಿದ್ದ ದಿಕ್ಕು, ಈ ನಾಲ್ಕು.

ಕಾಯುವಾಗ ವಾಹನ ಬಿಟ್ಟು ನಡೆದು ಹೋಗಬೇಡಿ. ದಿಗಂತದಲ್ಲಿ ಕಾಣುವ ಕಟ್ಟಡ ಹತ್ತು ಮೈಲಿ ದೂರವಿರಬಹುದು ಮತ್ತು ಅದರಲ್ಲಿ ಯಾರೂ ಇಲ್ಲದಿರಬಹುದು. ಎ.ಸಿ. ನಡೆಯದಿದ್ದರೆ ಕ್ಯಾಬಿನ್ ಬೇಗ ಕಾಯುತ್ತದೆ; ಟ್ರೇಲರಿನ ನೆರಳಿನಲ್ಲಿ, ಸಂಚಾರವಿಲ್ಲದ ಬದಿಯಲ್ಲಿ, ಡಾಂಬರಿನ ಮೇಲಲ್ಲದೆ ಮಣ್ಣಿನ ಮೇಲೆ ಏನನ್ನಾದರೂ ಹಾಸಿ ಕುಳಿತು ಬಾಯಾರಿಕೆಗೆ ಕಾಯದೆ ನೀರು ಕುಡಿಯುತ್ತಿರಿ. ರೇಡಿಯೇಟರ್ ಕುದಿದಿದ್ದರೆ ಪೂರ್ತಿ ತಣ್ಣಗಾಗುವ ತನಕ ಮುಚ್ಚಳ ಮುಟ್ಟಬೇಡಿ.

ನಗರ ಸೇರುವಾಗ

ಬೇಟಿಯಿಂದ ದಕ್ಷಿಣಕ್ಕೆ ನೆಲ ಇಳಿಯುತ್ತಾ ಶಾಖ ಏರುತ್ತದೆ. ಮುಂದೆ ರಸ್ತೆ ನಾಲ್ಕು ಪಥವಾಗಿ, ನೋಡನೋಡುತ್ತಿದ್ದಂತೆ ಲಾಸ್ ವೇಗಸ್‌ನ ಹೊರವಲಯದ ದಟ್ಟಣೆ ಶುರುವಾಗುತ್ತದೆ. ಆರೇಳು ಗಂಟೆ ಒಂದೇ ವೇಗದಲ್ಲಿ ಖಾಲಿ ರಸ್ತೆ ನೋಡಿದ ಕಣ್ಣಿಗೆ 65 ಮೈಲಿ ವೇಗವೂ ನಿಧಾನವೆನಿಸುತ್ತದೆ, ಮುಂದಿನ ವಾಹನದೊಂದಿಗಿನ ಅಂತರ ತನಗೆ ತಾನೇ ಕುಗ್ಗುತ್ತದೆ. ಆದ್ದರಿಂದ ನಗರಕ್ಕೆ ಸುಮಾರು 45 ಮೈಲಿ ಮೊದಲು ಸಿಗುವ ಇಂಡಿಯನ್ ಸ್ಪ್ರಿಂಗ್ಸ್‌ನಲ್ಲಿ ಹದಿನೈದು ನಿಮಿಷ ನಿಲ್ಲಿ. ಇಳಿದು ಮುಖ ತೊಳೆಯಿರಿ, ಕೊನೆಯ ಸಲ ಟೈರು ಮುಟ್ಟಿ ನೋಡಿ, ಕನ್ನಡಿಗಳ ಧೂಳು ಒರೆಸಿ, ಇಳಿಸುವ ಗೋದಾಮಿನ ನಿರ್ಗಮನ ಸಂಖ್ಯೆಯನ್ನು ಓದಿಕೊಂಡು ಹೊರಡಿ.